ಕಾಗೆ ಮುಟ್ಟದ ಎಡೆ

ಬಾಗಿಲು ಮುಂದೆ ಮಾಡಿ ಬನ್ನಿ, ಹೇಳುತ್ತೇನೆ. ದೀಪ ಮಾತ್ರ ಇರಲಿ. ಇದನ್ನು ನಾನು ಕತ್ತಲೆಯಲ್ಲಿ ಕೂತು ಹೇಳುವವಳಲ್ಲ... ನಗುವವರು ಈಗಲೇ ನಕ್ಕುಬಿಡಿ.

ಇದು ಅವರಿವರು ಹೇಳಿದ ಮಾತಲ್ಲ. ನನ್ನ ಚಿಗವ್ವನ ಮಗ ಸಿದ್ದಾರೂಢನಿಗೆ ಆದದ್ದು. 2003ನೇ ಇಸವಿ, ಮಹಾನವಮಿ ಅಮಾವಾಸ್ಯೆಯ ರಾತ್ರಿ. ಅವನಿಗೆ ಆಕುರ್ಡಿಯ ಒಂದು ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟು. ಹನ್ನೊಂದೂವರೆಗೆ ಕೆಲಸ ಬಿಟ್ಟರೆ ಕಂಪನಿ ಬಸ್ಸು ನಿಗಡಿಯ ನಾಕಾದಲ್ಲಿ ಇಳಿಸುತ್ತಿತ್ತು. ಅಲ್ಲಿಂದ ಮನೆಗೆ ಕಾಲು ತಾಸಿನ ನಡಿಗೆ. ನಡುವೆ ಒಂದು ಹಳೆಯ ಬಾವಿ, ಅಲ್ಲೆಲ್ಲ ಪ್ಲಾಟು ಬೀಳುವ ಮೊದಲು ಹೊಲವಿದ್ದ ಕಾಲದ್ದು. ಪಕ್ಕದಲ್ಲಿ ಆಲದ ಮರ, ಅದಕ್ಕೊಂದು ಕಟ್ಟೆ. ಮಕ್ಕಳು ಬಿದ್ದಾವೆಂದು ಬಾವಿಯ ಬಾಯಿಗೆ ಕಬ್ಬಿಣದ ಜಾಳಿಗೆ ಹೊದಿಸಿದ್ದರು.

ಅವತ್ತು ಕರೆಂಟು ಹೋಗಿತ್ತು. ಬಸ್ಸಿನ ಸದ್ದು ದೂರವಾಯಿತು. ಆಮೇಲೆ ಉಳಿದದ್ದು ಅವನ ಊಟದ ಡಬ್ಬಿಯೊಳಗೆ ಚಮಚ ಅಲ್ಲಾಡುವ ಸದ್ದು. ಟಿಣ್... ಟಿಣ್... ಬಾವಿಯ ಹತ್ತಿರ ಬಂದಾಗ ಕೆಳಗೆ ನೀರು ಟೊಳಕ್ ಎಂದಿತು. ಕಪ್ಪೆ ಇರಬೇಕು ಅಂದುಕೊಂಡ.

ಅಷ್ಟರಲ್ಲಿ ಇನ್ನೊಂದು ಸದ್ದು. ಸರ್... ಪಟ್. ಸರ್... ಪಟ್. ಒಂದು ಬಾರು ಕಿತ್ತ ಹವಾಯಿ ಚಪ್ಪಲಿ ಎಳೆದುಕೊಂಡು ನಡೆದರೆ ಬರುತ್ತದಲ್ಲ, ಅದೇ. ಸಿದ್ದಾರೂಢ ನಿಂತ. ಸದ್ದೂ ನಿಂತಿತು. ಹಿಂದೆ ತಿರುಗಿ ನೋಡಿದ, ಯಾರೂ ಇಲ್ಲ. ಮುಂದೆ ನೋಡಿದರೆ... ಕಟ್ಟೆಯ ಮೇಲೆ ಒಬ್ಬಳು ಕೂತಿದ್ದಾಳೆ. ಹಸಿರು ಬಟ್ಟೆ. ಕೂದಲು ಗಂಡಸರಂತೆ ಸಣ್ಣಗೆ ಕತ್ತರಿಸಿದೆ. ಎರಡೂ ಕೈ ತೊಡೆಯ ಮೇಲೆ, ಯಾರೋ ಕೂಡಿಸಿ ಹೋದ ಹಾಗೆ.

"ಸಿದ್ದೂ," ಅಂದಳು, ಮೆಲ್ಲಗೆ. "ಚಾ ತಂದೀಯೇನ?"

ಆ ಮಾತು ಕೇಳಿ ಅವನ ಕೈಯಿಂದ ಡಬ್ಬಿ ಬಿತ್ತು. ಯಾಕೆ ಬಿತ್ತು ಅಂತ ನಿಮಗೆ ತಿಳಿಯಬೇಕಾದರೆ ಏಳು ವರ್ಷ ಹಿಂದೆ ಹೋಗಬೇಕು.

ಅವಳು ರುದ್ರವ್ವ. ಸಿದ್ದಾರೂಢನ ಅಣ್ಣ ನಿಜಲಿಂಗಪ್ಪನ ಹೆಂಡತಿ. ಮದುವೆಯಾಗಿ ಬಂದಾಗ ಇವನಿಗೆ ಏಳು ವರ್ಷ, ತಾಯಿಯಿಲ್ಲದ ಹುಡುಗ. ವೈನಿ ಅಂತ ಕರೆಯುತ್ತಿದ್ದ, ಆದರೆ ಎತ್ತಿ ಆಡಿಸಿ ಉಣಿಸಿದವಳು ಅವಳೇ. ನಿಜಲಿಂಗಪ್ಪ ಒಂದು ಆಫೀಸಿನಲ್ಲಿ ಗುಮಾಸ್ತ. ಆಕುರ್ಡಿಯ ರೈಲ್ವೆ ಗೇಟಿನ ಹತ್ತಿರ ಚಾಳಿನಲ್ಲಿ ಮನೆ. ಮಾಧುರಿ ಅಂತ ಒಬ್ಬಳು ಮಗಳು. ಎರಡನೆಯ ಕೂಸು ಹೊಟ್ಟೆಯಲ್ಲೇ ಹೋಯಿತು. ಅಲ್ಲಿಂದ ಶುರು. ನಡುರಾತ್ರಿ ಎದ್ದು ನೀರಿನ ಕೊಡಗಳನ್ನೆಲ್ಲ ಬೋರಲು ಹಾಕುತ್ತಿದ್ದಳು. "ಕೊಡದಾಗ ಕೂಸು ಅಳಾಕತ್ತದ" ಅನ್ನುತ್ತಿದ್ದಳು.

ನಮ್ಮ ಅಜ್ಜಿಯ ತಂಗಿಯೊಬ್ಬಳು ಇದ್ದಳಂತೆ. ಅವಳಿಗೂ ಯಾರಿಗೂ ಕೇಳದ್ದು ಕೇಳುತ್ತಿತ್ತು. ಊರವರು ಅವಳ ಕಾಲಿಗೆ ಬೀಳುತ್ತಿದ್ದರು, ಮೈಮೇಲೆ ದೇವಿ ಬರುತ್ತಾಳೆಂದು ಉಡಿ ತುಂಬುತ್ತಿದ್ದರು. ರುದ್ರವ್ವನ ಕಾಲಕ್ಕೆ ಅದೇ ಮಾತು ದೆವ್ವ ಆಯಿತು. ಊರಿಗೆ ಕರೆದೊಯ್ದು ಮೆಣಸಿನಕಾಯಿ ಹೊಗೆ ಹಾಕಿಸಿದರು. ಬೇವಿನ ಬರಲು ಮುರಿಯುವ ತನಕ ಹೊಡೆಸಿದರು. ಯಾವುದೋ ಮಠದ ಕಂಬಕ್ಕೆ ಮೂರು ತಿಂಗಳು ಕಟ್ಟಿಹಾಕಿದ್ದರು. ಎಡಗಾಲಿನ ಹರಡಿನ ಮೇಲೆ ಸರಪಳಿಯ ಕಪ್ಪು ಗುರುತು ಹಾಗೇ ಉಳಿಯಿತು. ಪುಣೆಯ ಡಾಕ್ಟರು ಅದಕ್ಕೊಂದು ರೋಗದ ಹೆಸರು ಕೊಟ್ಟು ಗುಳಿಗೆ ಬರೆದರು. ಗುಳಿಗೆಯಿಂದ ಗುಣ ಕಂಡಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬೆಳಿಗ್ಗೆ ಒಂಬತ್ತಾದರೂ ಏಳುತ್ತಿರಲಿಲ್ಲ, ರೊಟ್ಟಿ ಬಡಿಯುವವರು ಯಾರು? ನಿಜಲಿಂಗಪ್ಪನೇ ಗುಳಿಗೆ ನಿಲ್ಲಿಸಿದ. ಒಂದು ದಿನ ರೈಲ್ವೆ ಹಳಿಯ ಮೇಲೆ ನಡೆಯುತ್ತಿದ್ದವಳನ್ನು ಪೊಲೀಸರು ಹಿಡಿದು ತಂದರು. ಚಾಳಿಗೆ ಚಾಳೇ ಬಾಗಿಲಲ್ಲಿ ನಿಂತು ನೋಡಿತು.

ಆ ರಾತ್ರಿ ನಿಜಲಿಂಗಪ್ಪ ತಮ್ಮನಿಗೆ ಹೇಳಿದನಂತೆ, "ಮಾಧುರಿಗೆ ಹನ್ನೆರಡು ವರ್ಷ. ನಾಳೆ ಹುಚ್ಚಿ ಮಗಳು ಅಂತಂದ್ರ ಯಾರ್ ಮಾಡ್ಕೋತಾರ ಹೇಳು."

ಕೋರ್ಟಿನ ಹುಕುಂ ತೆಗೆದುಕೊಂಡು ಅಣ್ಣ ತಮ್ಮ ಇಬ್ಬರೂ ಅವಳನ್ನು ನದಿಯಾಚೆಯ ಒಂದು ದೊಡ್ಡ ಆಸ್ಪತ್ರೆಗೆ ಒಯ್ದರು. ಹೆಸರು ಬೇಡ. ಆಸ್ಪತ್ರೆಯ ತಪ್ಪಿಲ್ಲ ಇದರಲ್ಲಿ. ಅರ್ಜಿಯಲ್ಲಿ ವಿಳಾಸ ಬರೆಯುವಾಗ ನಿಜಲಿಂಗಪ್ಪ ಪಿಸುಗುಟ್ಟಿದ, "ಚಾಳಿಂದ ಬರಿ." ಚಾಳಿನ ಮನೆಯನ್ನು ಅವರು ಆ ವಾರವೇ ಬಿಟ್ಟು ನಿಗಡಿಗೆ ಬರುವವರಿದ್ದರು. ಸಿದ್ದಾರೂಢ ಬರೆದ. ಇಪ್ಪತ್ತೊಂದು ವರ್ಷದವನು, ಅಣ್ಣನ ಮಾತು ಮೀರಿ ಗೊತ್ತಿಲ್ಲ. ಆಮೇಲೆ ವರಾಂಡದ ಮರದ ಬಾಕಿನ ಮೇಲೆ ಅವಳನ್ನು ಕೂಡಿಸಿ ಹೇಳಿದ, "ವೈನಿ, ಇಲ್ಲೇ ಕೂಡ್ರಿ. ಚಾ ತರ್ತೀನಿ."

ಹೋದವನು ತಿರುಗಿ ಬರಲಿಲ್ಲ.

ಮುಂದೆ ನಿಜಲಿಂಗಪ್ಪ ಊರಿಗೆ ಹೋಗಿ, ರುದ್ರವ್ವ ಪುಣೆಯಲ್ಲಿ ತೀರಿಕೊಂಡಳು, ಅಲ್ಲೇ ಮಣ್ಣು ಮಾಡಿದೆವು ಅಂದ. ಪುಣೆಗೆ ಬಂದು, ಊರಲ್ಲಿ ತೀರಿಕೊಂಡಳು, ಅಲ್ಲೇ ಮಣ್ಣು ಮಾಡಿದೆವು ಅಂದ. ನಮ್ಮಂಥ ಎರಡೂರಿನ ಮಂದಿಗೆ ಇದೊಂದು ಅನುಕೂಲ ನೋಡಿ, ಇಲ್ಲಿಯ ಸುಳ್ಳು ಅಲ್ಲಿ ಸತ್ಯವಾಗಿ ಬಾಳುತ್ತದೆ. ಎರಡೂ ಕಡೆ ಗಣಾರಾಧನೆಯ ಊಟ ಆಯಿತು. ನಾನೂ ಉಂಡು ಬಂದೆ. ಕಣ್ಣೀರು ಹಾಕಿ ಉಂಡೆ. ಫೋಟೋಕ್ಕೆ ಹಾರ ಬಿತ್ತು.

ಪ್ರತಿ ಮಹಾನವಮಿ ಅಮಾವಾಸ್ಯೆಗೆ ಹಿರಿಯರ ಎಡೆಯ ಜೊತೆ ಅವಳಿಗೂ ಒಂದು ಎಡೆ. ನಾನು ಮುಂದಿನ ಗಲ್ಲಿಯವಳು, ಅಡುಗೆಗೆ ನನ್ನನ್ನೇ ಕರೆಯುವುದು. ಕಾಗೆಗೆ ಇಡುವ ಪದ್ಧತಿ ನಮ್ಮಲ್ಲಿ ಅಷ್ಟಿಲ್ಲ. ಮರಾಠಿ ನೆರೆಹೊರೆಯವರನ್ನು ನೋಡಿ ನಮಗೂ ಅಂಟಿತ್ತು. ನಾನೂ ಮಾಧುರಿಯೂ ಮಾಳಿಗೆಯ ಮೇಲೆ ಎಡೆ ಇಟ್ಟು ಕರೆಯುತ್ತಿದ್ದೆವು. ಆ ಹುಡುಗಿ ಕೈಮುಗಿದು, "ಅವ್ವಾ, ಬಾ. ಉಂಡು ಹೋಗು" ಅಂತ ಮೂರು ಸಲ ಕರೆಯುವಾಗ ನಾನೂ ದನಿಗೂಡಿಸುತ್ತಿದ್ದೆ. ಹಿರಿಯರ ಎಡೆಗೆ ಕಾಗೆ ಎರಗುತ್ತಿದ್ದವು. ರುದ್ರವ್ವನ ಎಡೆಗೆ... ಇಲ್ಲ. ಗೋಡೆಯ ಮೇಲೆ ಕೂತು ನೋಡುತ್ತಿದ್ದವು. ಒಂದು ವರ್ಷವೂ ಒಂದಗುಳು ಮುಟ್ಟಲಿಲ್ಲ. ಏನೋ ಆಸೆ ಉಳಿದಿದೆ ಅಂತ ಒಮ್ಮೆ ಶೇಂಗಾ ಹೋಳಿಗೆ ಮಾಡಿದೆವು, ಒಮ್ಮೆ ಹೊಸ ಇಳಕಲ್ ಸೀರೆ ಇಟ್ಟೆವು. 2000ದ ವರ್ಷ ಬದನೆಕಾಯಿ ಎಣಗಾಯಿ ಮಾಡಿದೆ. ಎಡೆಯ ಅಡುಗೆ ರುಚಿ ನೋಡುವಂತಿಲ್ಲವಲ್ಲ, ಮರೆತು ಎರಡು ಸಲ ಉಪ್ಪು ಹಾಕಿದ್ದೆ. ಎಡೆ ಇಟ್ಟು ಬಂದು ನಾಲಿಗೆಗೆ ಹಚ್ಚಿದರೆ ಸಮುದ್ರ. ಯಾರೂ ನೋಡುವ ಮೊದಲು ಉಳಿದದ್ದನ್ನು ಚೆಲ್ಲಿ, ಬೇರೆ ಪಲ್ಯ ಮಾಡಿ ಬಡಿಸಿದೆ. ಈ ನಾಚಿಕೆಗೇಡನ್ನು ನಾನು ಮನೆಯವರಿಗೂ ಹೇಳಿರಲಿಲ್ಲ.

2003ಕ್ಕೆ ಮಾಧುರಿಗೆ ಸೊಲ್ಲಾಪುರದ ಕಡೆಯ ವರ ಗೊತ್ತಾಗಿತ್ತು. ದಸರೆಗೆ ನಿಶ್ಚಯ. ಅಮಾವಾಸ್ಯೆಯಿಂದ ಹತ್ತು ದಿನ ಅಷ್ಟೇ. ಅವತ್ತು ಮಧ್ಯಾಹ್ನವೂ ಎಡೆ ಇಟ್ಟೆವು, ಕರೆದೆವು, ಕಾಗೆ ಬರಲಿಲ್ಲ. ತಾಟನ್ನು ಅಲ್ಲೇ ಬುಟ್ಟಿಯಡಿ ಮುಚ್ಚಿಟ್ಟು ಇಳಿದೆವು.

ಈಗ ಬಾವಿಯ ಹತ್ತಿರ ಬನ್ನಿ.

ಸಿದ್ದಾರೂಢನಿಗೆ ಓಡಬೇಕೆನ್ನಿಸಿತು, ಓಡಲಿಲ್ಲ. ಅವಳು ಸತ್ತಿಲ್ಲ ಅನ್ನುವುದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ, ಅದರಲ್ಲಿ ಇವನೊಬ್ಬ. ಬೇರೆಯವರಾಗಿದ್ದರೆ ದೆವ್ವ ಅಂತ ಅಂಜುತ್ತಿದ್ದರು. ಇವನು ಬದುಕಿದವಳು ಅಂತ ಅಂಜಿದ.

"ವೈನಿ... ಹೆಂಗ ಬಂದ್ರಿ?"

"ನೀ ಕೂಡ್ರು ಅಂದಿದ್ದಿ, ಕೂತಿದ್ದೆ. ಭಾಳ ದಿನ ಆತು ಸಿದ್ದೂ." ಆಮೇಲೆ "ಹಸಿವಾಗೇದ" ಅಂದಳು.

ಅವನೇ ನನಗೆ ಹೇಳಿದ್ದು: "ಅಕ್ಕಾ, ಆ ಹೊತ್ತಿನ್ಯಾಗೂ ನನ್ನ ಬಾಯಿಗೆ ಅದೇ ಮಾತು ಬಂತು. ಇಲ್ಲೇ ಕೂಡ್ರಿ, ಮನಿಗೆ ಹೋಗಿ ಊಟ ತರ್ತೀನಿ ಅಂತ. ನಾಲಿಗಿ ತುದಿಗೆ ಬಂತು." ದಸರೆ ಮುಗಿಯುವ ತನಕ ಎಲ್ಲಾದರೂ ಇಟ್ಟರೆ ಹುಡುಗಿಯ ಮದುವೆ ಉಳಿಯುತ್ತದೆ ಅನ್ನುವ ಲೆಕ್ಕವೂ ತಲೆಯಲ್ಲಿ ಓಡಿತಂತೆ. ಆಮೇಲೆ ಅವಳ ತೊಡೆಯ ಮೇಲಿನ ಕೈ ನೋಡಿದ. ಆ ಕೈಯಿಂದ ಉಂಡವನು. "ಬರ್ರಿ ವೈನಿ," ಅಂದ, "ಮನಿಗೆ ಹೋಗೂಣು."

ಅವಳು ಎದ್ದಳು. ಸರ್... ಪಟ್. ಸರ್... ಪಟ್. ಅವಳು ಮುಂದೆ, ಇವನು ಹಿಂದೆ. ದತ್ತ ಮಂದಿರದ ಹತ್ತಿರ ಎಡಕ್ಕೆ ಹೊರಳಿದಳು. ಟ್ರಾನ್ಸ್‌ಫಾರ್ಮರ್ ದಾಟಿ ಬಲಕ್ಕೆ. ಗಲ್ಲಿಯ ನಾಯಿಗಳು ಯಾರನ್ನೂ ಬಿಡುವವಲ್ಲ, ಅವತ್ತು ಗೋಡೆಗೆ ಅಂಟಿ ಕೂತು ಕುಂಯ್... ಕುಂಯ್ ಅನ್ನುತ್ತಿದ್ದವು. ಮೂರನೆಯ ತಿರುವು ದಾಟಿದ ಮೇಲೆ ಅವನಿಗೆ ಹೊಳೆಯಿತು. ಈ ಮನೆಯನ್ನು ಅವಳು ಒಮ್ಮೆಯೂ ನೋಡಿಲ್ಲ. ಅವಳಿಗೆ ಗೊತ್ತಿದ್ದದ್ದು ಆಕುರ್ಡಿಯ ಚಾಳು.

"ವೈನಿ... ದಾರಿ ಯಾರ್ ಹೇಳಿದ್ರು ನಿಮಗ?"

"ವರ್ಷಾ ವರ್ಷಾ ಕರೀತಿದ್ರಲ್ಲ," ಅಂದಳು, ತಿರುಗದೆ. "ಕೇಳಿ ಕೇಳಿ ಗೊತ್ತಾತು."

ಮನೆ ಬಂತು. ಬಾಗಿಲು ಬಡಿದ. ಒಳಗಿಂದ ನಿಜಲಿಂಗಪ್ಪನ ಕೆಮ್ಮು, ಚಿಲಕದ ಕಿರ್... ಬಾಗಿಲು ಒಂದು ಗೇಣು ತೆರೆಯಿತು, ಒಳಗಿನ ಸರಪಳಿ ಹಾಗೇ ಇತ್ತು. ಮೇಣದಬತ್ತಿಯ ಬೆಳಕು ಅವಳ ಮುಖದ ಮೇಲೆ ಬಿತ್ತು. ಸರಪಳಿ ಕಿಣಿಕಿಣಿ ಅಂದಿತು. ಬಾಗಿಲು ಮುಚ್ಚಿತು.

"ಅಣ್ಣಾ, ವೈನಿ ಬಂದಾರ. ತಗೀ."

ಬಾಗಿಲ ಸಂದಿಯಿಂದ ಉಸಿರಿನ ದನಿ ಬಂತು. "ಸತ್ತಾಕಿ ಹೆಂಗ್ ಬರ್ತಾಳೋ? ಎರಡೂ ಊರು ಉಂಡು ಹೋಗ್ಯಾವ."

"ತಗೀ ಅಣ್ಣಾ."

"ಹತ್ತ ದಿನ ತಡಿ. ದಸರಾ ಆಗ್ಲಿ. ಈಗ ಎಲ್ಲೆರ ಕೂಡಿಸಿ ಬಾ."

"ಒಮ್ಮೆ ಕೂಡಿಸಿ ಬಂದೀನಿ," ಅಂದ ಸಿದ್ದಾರೂಢ. "ಇನ್ನೊಮ್ಮೆ ಆಗಂಗಿಲ್ಲ." ಮತ್ತೆ ಬಡಿಯಲು ಕೈ ಎತ್ತಿದ.

ರುದ್ರವ್ವ ತುಟಿಯ ಮೇಲೆ ಬೆರಳಿಟ್ಟಳು. "ಕೂಸು ಮಲಗ್ಯದ. ಎಬ್ಬಿಸಬ್ಯಾಡ." ಹಾಗಂದು ಹೊರಗಿನ ಮೆಟ್ಟಿಲು ಹತ್ತಿದಳು. ಸರ್... ಪಟ್. ಹನ್ನೆರಡು ಮೆಟ್ಟಿಲು. ಇವನು ಹಿಂದೆಯೇ ಓಡಿದ. ಹತ್ತುವಷ್ಟರಲ್ಲಿ ಅವಳು ಬುಟ್ಟಿ ಎತ್ತಿ ಪಕ್ಕಕ್ಕಿಟ್ಟು, ತಾಟಿನ ಮುಂದೆ ಕೂತಾಗಿತ್ತು.

"ವೈನಿ, ಅದು ಬ್ಯಾಡ್ರಿ. ಅದು..." ಅದು ಏನೆಂದು ಹೇಳುವುದು?

"ನಂದಽ ಅಲ್ಲೇನು?" ಅಂದಳು.

ಉಂಡಳು. ತಣ್ಣಗಾದ ಹೋಳಿಗೆ, ಅನ್ನ, ಸಾರು, ಎಲ್ಲ. ಗಡಬಡಿಯಿಲ್ಲ. ಸ್ಟೀಲಿನ ತಾಟಿಗೆ ಬೆರಳು ತಾಗುವ ಸದ್ದು... ಕರ್... ಕರ್... ಸಿದ್ದಾರೂಢ ಎದುರಿಗೆ ಕೂತು ಅಳುತ್ತಿದ್ದ. ಬದುಕಿದವಳಿಗೆ ಅವಳ ತಿಥಿಯ ಕೂಳನ್ನೇ ಉಣಿಸುತ್ತಿದ್ದೇವಲ್ಲ ಎಂದು ಅವನ ಸಂಕಟ. ಅವಳು ಅಗುಳು ಬಿಡದೆ ಉಂಡು, "ನೀರು" ಅಂದಳು. ಮಾಳಿಗೆಯ ನಳ ತಿರುವಿದ. ಸುಸ್... ಬರೀ ಗಾಳಿ. ಅವತ್ತು ಬೆಳಗಿನಿಂದ ನೀರು ಬಿಟ್ಟಿರಲಿಲ್ಲ. ಕೆಳಗೆ ಓಡಿದ.

ಬಾಗಿಲು ತೆರೆದಿತ್ತು. ತೆರೆದು ನಿಂತವಳು ಮಾಧುರಿ. ಒಳಗೆ ನೆಲದ ಮೇಲೆ ನಿಜಲಿಂಗಪ್ಪ ತಲೆ ಹಿಡಿದು ಕೂತಿದ್ದ.

"ಕಾಕಾ, ಮ್ಯಾಲ ಯಾರ ಜೋಡಿ ಮಾತಾಡಾಕತ್ತಿದ್ದಿ?"

ಸಿದ್ದಾರೂಢ ಅಣ್ಣನನ್ನು ನೋಡಿದ. ಆಮೇಲೆ ಹುಡುಗಿಯನ್ನು ನೋಡಿದ. "ನಿಮ್ಮವ್ವ," ಅಂದ. "ಸತ್ತಿಲ್ಲ ಆಕಿ. ಸುಳ್ಳ ಹೇಳೀವಿ."

ಮಾಧುರಿ ಅವನನ್ನು ತಳ್ಳಿಕೊಂಡು ಮೆಟ್ಟಿಲು ಹತ್ತಿದಳು. ಇವನು ನೀರಿನ ಚೆಂಬು ಹಿಡಿದು ಹಿಂದೆ. ಮೇಲೆ ಯಾರೂ ಇಲ್ಲ. ಇಳಿಯಲು ಬೇರೆ ದಾರಿಯಿಲ್ಲ. ತಾಟು ತೊಳೆದು, ಗೋಡೆಗೆ ಒರಗಿಸಿ ಬೋರಲು ಇಟ್ಟಿತ್ತು. ಚಾಳಿನ ಮನೆಯಲ್ಲಿ ರುದ್ರವ್ವ ಹಾಗೇ ಇಡುತ್ತಿದ್ದಳು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಟಪ್... ಟಪ್...

ಬೆಳಗಾಗುವ ಮೊದಲು ಮಾಧುರಿ ನನ್ನ ಬಾಗಿಲಲ್ಲಿ ನಿಂತಿದ್ದಳು. "ಅತ್ಯಾ, ಚಪ್ಪಲ್ ಹಾಕ್ಕೊ. ಅವ್ವನ ಕಡೆ ಹೋಗೂದದ." ಅಳಲಿಲ್ಲ ಆ ಹುಡುಗಿ. ದಾರಿಯುದ್ದಕ್ಕೂ ರಿಕ್ಷಾದಲ್ಲಿ ಸಿದ್ದಾರೂಢ ಎಲ್ಲ ಹೇಳಿದ. ನಾನು ಅವನಿಗೆ ಬಾಯಿಗೆ ಬಂದಂತೆ ಬೈದೆ. ಆಮೇಲೆ ಬೈಯುವುದಕ್ಕೂ ತ್ರಾಣ ಉಳಿಯಲಿಲ್ಲ.

ಆಸ್ಪತ್ರೆಯ ದಫ್ತರದಲ್ಲಿ ಸ್ನೇಹಲ್ ಅಂತ ಒಬ್ಬಳು ಹುಡುಗಿ ಇದ್ದಳು. ಹೆಸರು ಕೇಳಿ, ಪುಸ್ತಕ ತೆಗೆದು, ನಮ್ಮ ಮುಖ ನೋಡಿದಳು. "ಕಾಲ್ ಗೇಲ್ಯಾ," ಅಂದಳು ಮರಾಠಿಯಲ್ಲಿ. ನಿನ್ನೆ ಹೋದರು. ನಿನ್ನೆ ಸಂಜೆ ಆರೂವರೆಗೆ, ವರಾಂಡದ ಬಾಕಿನ ಮೇಲೆ ಕೂತಲ್ಲೇ. ಅಲ್ಲಿ ಕೂಡುವುದು ಅವರ ರೂಢಿಯಂತೆ.

ಆರೂವರೆ. ಸಿದ್ದಾರೂಢ ಬಾವಿಯ ಹತ್ತಿರ ಬಂದದ್ದು ಹನ್ನೆರಡರ ಸುಮಾರಿಗೆ.

ನೋಡಿದೆವು. ಹಸಿರು ಬಟ್ಟೆ, ಸಣ್ಣ ಕೂದಲು, ಹರಡಿನ ಮೇಲೆ ಕಪ್ಪು ಗುರುತು. ಮಂಚದ ಕೆಳಗೆ ಚಪ್ಪಲಿ ಇತ್ತು, ಒಂದರ ಬಾರು ಕಿತ್ತಿತ್ತು. ಮಾಧುರಿ ತಾಯಿಯ ಕೈಯನ್ನು ಮೂಸಿ ನೋಡಿದಳು. ಏನು ವಾಸನೆ ಬಂತೆಂದು ನಾನು ಕೇಳಲಿಲ್ಲ. ಅವತ್ತೇ ತಂದು ಮಣ್ಣು ಮಾಡಿದೆವು, ಎರಡೂ ಊರಿಗೆ ಹೇಳಿ ಕಳಿಸಿದೆವು. ಮದುವೆ ನಿಂತಿತೇ ಅಂತ ಕೇಳುತ್ತೀರಿ, ಗೊತ್ತು. ನಿಲ್ಲಲಿಲ್ಲ. ವರನ ತಾಯಿ ಎಲ್ಲ ಕೇಳಿಕೊಂಡು, "ಇಷ್ಟಕ್ಕ ಬದುಕಿದಾಕಿನ್ನ ಹುಗಿದ್ರೇನು?" ಅಂದಳು ಅಷ್ಟೇ. ನಿಜಲಿಂಗಪ್ಪ ಆವತ್ತಿನಿಂದ ಮಾತು ಕಡಿಮೆ ಮಾಡಿದ. ಮುಂದಿನ ವರ್ಷ ಮಾಳಿಗೆಯ ಮೇಲೆ ಎಡೆ ಇಟ್ಟು ಕೈಮುಗಿಯುವಷ್ಟರಲ್ಲೇ ಕಾಗೆ ಎರಗಿದವು.

ಇಷ್ಟೇ ಆಗಿದ್ದರೆ ಸಿದ್ದಾರೂಢ ದಣಿದಿದ್ದ, ಪಾಪಪ್ರಜ್ಞೆ, ಕನಸು ಕಂಡ ಅಂತ ನೀವು ಅನ್ನಬಹುದು. ನನ್ನ ಮಗನೂ ಹಾಗೇ ಅನ್ನುತ್ತಾನೆ, ಓದಿದವನಲ್ಲವೇ. ಆದರೆ ಅವತ್ತು ದಫ್ತರದಲ್ಲಿ ಕಾಗದಕ್ಕೆ ಸಹಿ ಹಾಕುವಾಗ ಮಾಧುರಿ ಒಂದು ಮಾತು ಕೇಳಿದಳು. ಅವ್ವನಿಗೆ ಇಷ್ಟು ವರ್ಷ ಗುಣವಾಗಲೇ ಇಲ್ಲವೇ?

ಸ್ನೇಹಲ್ ಫೈಲು ತೆಗೆದಳು. ಗುಣವಾಗಿತ್ತಂತೆ. ಆರು ತಿಂಗಳಿಗೇ ಆಗಿತ್ತಂತೆ. ಕರೆದೊಯ್ಯಿರಿ ಅಂತ ಚಾಳಿನ ವಿಳಾಸಕ್ಕೆ ಪತ್ರ ಹಾಕಿದ್ದರು, ಎಲ್ಲ ತಿರುಗಿ ಬಂದಿದ್ದವು, ಫೈಲಿನಲ್ಲೇ ಇದ್ದವು. ಕೊನೆಗೆ ಬೇರೆ ಎಲ್ಲಾದರೂ ಆಶ್ರಮಕ್ಕೆ ಕಳಿಸೋಣವೆಂದರೆ ವರ್ಷಕ್ಕೊಂದು ಸಲ ರುದ್ರವ್ವನಿಗೆ ದನಿ ಕೇಳುತ್ತಿತ್ತು. ಆ ಒಂದೇ ದಿನ. ಡಾಕ್ಟರು ಬರೆದುಕೊಳ್ಳುತ್ತಿದ್ದರು, ಗುಳಿಗೆ ಹೆಚ್ಚಿಸುತ್ತಿದ್ದರು, ಬಿಡುಗಡೆಯ ಮಾತು ಮುಂದೆ ಹೋಗುತ್ತಿತ್ತು. ಅವರೇನು ಮಾಡುತ್ತಾರೆ, ಪುಸ್ತಕದಲ್ಲಿ ಅದಕ್ಕೆ ರೋಗ ಅಂತಲೇ ಹೆಸರು.

"ಮುಲಗೀ ಜೇವಾಯಲಾ ಬೋಲಾವತೇ," ಅಂತ ಓದಿದಳು. ಮಗಳು ಊಟಕ್ಕೆ ಕರೆಯುತ್ತಿದ್ದಾಳೆ. ಪ್ರತಿ ವರ್ಷವೂ ಅದೇ ಮಾತು. ತಾರೀಖು ಬೇರೆ ಬೇರೆ. ಮನೆಗೆ ಬಂದು ಹಳೆಯ ಕ್ಯಾಲೆಂಡರು ಹುಡುಕಿ ನೋಡಿದೆ. ಒಂದೊಂದೂ ಮಹಾನವಮಿ ಅಮಾವಾಸ್ಯೆ. ನಾವು ಮಾಳಿಗೆಯಲ್ಲಿ ನಿಂತು ಅಕ್ಕರೆಯಿಂದ ಕರೆದ ಕರೆಯೇ ಅವಳನ್ನು ಅಲ್ಲಿ ಕಟ್ಟಿಹಾಕಿತು. ನನ್ನ ದನಿಯೂ ಅದರಲ್ಲಿತ್ತು. ನಾನು ಸಾಯುವ ತನಕ ಇದು ನನ್ನ ಎದೆಯಲ್ಲಿ ಇರುತ್ತದೆ.

ಕ್ಯಾಲೆಂಡರು ಹೊಂದಿತು, ಆಕಸ್ಮಿಕ ಅನ್ನುತ್ತೀರಾ? ಅನ್ನಿ. ಸ್ನೇಹಲ್ 2000ದ ಹಾಳೆ ತಿರುವಿದಾಗ ಅಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು. ನರ್ಸಿನ ಅಕ್ಷರ, ನೀಲಿ ಶಾಯಿ. ಅದನ್ನೂ ಓದಿದಳು. ಮಗಳು ಕರೆಯುತ್ತಿದ್ದಾಳೆ, ಆದರೆ ಬದನೆಕಾಯಿಗೆ ಉಪ್ಪು ಹೆಚ್ಚಾಗಿದೆ, ಉಣ್ಣಲಿಕ್ಕಾಗುವುದಿಲ್ಲ ಅನ್ನುತ್ತಾಳೆ, ಅಂತ.